ಕೈಬಿಡದ ವಾಕ್ಯ

ನಿಘಂಟು ಕಚೇರಿಯಲ್ಲಿ ಮಧ್ಯಾಹ್ನದ ಊಟ ಮುಗಿಯುತ್ತಲೇ ಬಾಗಿಲಿಗೆ ಒಳಗಿನಿಂದ ಬೀಗ ಬೀಳುತ್ತಿತ್ತು. ಬೀಗದ ಕೈ ಪ್ರಧಾನ ಸಂಪಾದಕರ ಜೇಬು ಸೇರುತ್ತಿತ್ತು. ಹಿಂದೊಮ್ಮೆ ಸಹಾಯಕನೊಬ್ಬ ಚಹಾ ಕುಡಿದು ಬರುತ್ತೇನೆಂದು ಹೋಗಿ ಮರುದಿನ ಬಂದಿದ್ದ. ಅಂದಿನಿಂದ ಶುರುವಾದ ಪದ್ಧತಿ ಅದು. ಒಳಗಿದ್ದವರೆಲ್ಲ ಕೂತು ಆ ದಿನದ ಇಂಗ್ಲಿಷ್ ಶಬ್ದವನ್ನು ಗಟ್ಟಿಯಾಗಿ ಓದಬೇಕು. ಅರ್ಥಕ್ಕೊಂದು ಚೀಟಿ, ಚೀಟಿಗೊಂದು ವಾಕ್ಯ. ಆ ವಾಕ್ಯದೊಳಗೆ ಸಮಾನಾರ್ಥಕಗಳನ್ನು ಒಂದೊಂದಾಗಿ ಕೂರಿಸಿ ನೋಡಬೇಕು. ಒಪ್ಪದವರು ಪೆನ್ಸಿಲಿನಿಂದ ಮೇಜು ತಟ್ಟಬೇಕು, ಕಾರಣ ಹೇಳಬೇಕು. ವಾಕ್ಯ ಯಾರದೋ ಅವರೇ ಅದನ್ನು ತಿದ್ದಬೇಕು. ಪೆನ್ಸಿಲುಗಳೆಲ್ಲ ಸುಮ್ಮನಾದ ಮೇಲೆಯೇ ಬಾಗಿಲು ತೆರೆಯುವುದು.

ಆ ದಿನದ ಶಬ್ದ ಎಲಿವೇಟ್. ಚೀಟಿಗಳನ್ನು ಬರೆದವಳು ಪುಟ್ಟಿ.

ಭೌತಶಾಸ್ತ್ರದ ಪದವಿ ಮುಗಿಸಿ, ಕಿವಿಯ ಬಳಿ ಕೂದಲು ನರೆಯುವಷ್ಟು ಕಾಲ ಅಲ್ಲಿ ದುಡಿದರೂ ಅವಳು ಪುಟ್ಟಿಯೇ. ಯಾಕೆಂದರೆ ಪ್ರಧಾನ ಸಂಪಾದಕರು ಅವಳ ಸೋದರಮಾವ. ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡಾಗ ಅವಳನ್ನು ಕರೆತಂದು, ತಮ್ಮ ಮದುವೆಯ ಮಾತನ್ನೂ ಬದಿಗಿಟ್ಟು ಓದಿಸಿ, ಕೊನೆಗೆ ತಮ್ಮ ಪಕ್ಕದ ಕುರ್ಚಿಯಲ್ಲೇ ಕೂರಿಸಿಕೊಂಡವರು. ಮನೆಯಲ್ಲಿ ಮಾವ, ಕಚೇರಿಯಲ್ಲಿ ಸರ್. ಬೆಳಗ್ಗೆ ಇಬ್ಬರೂ ಜೊತೆಯಲ್ಲೇ ಹೊರಡುವುದು, ಸಂಜೆ ಜೊತೆಯಲ್ಲೇ ಮರಳುವುದು. ಅವರೆದುರು 'ಇಲ್ಲ' ಎಂದ ನೆನಪು ಅವಳಿಗಿರಲಿಲ್ಲ. ಆ ಮಾತು ಗಂಟಲವರೆಗೆ ಬಂದು, ದಾರಿ ತಪ್ಪಿದ ಹಾಗೆ ಹಿಂದಿರುಗಿಬಿಡುತ್ತಿತ್ತು.

ಈಗ ಗಂಟಲಲ್ಲಿ ಇನ್ನೂ ದೊಡ್ಡದೊಂದು ಸಿಕ್ಕಿಕೊಂಡಿತ್ತು. ದೂರದ ಊರಿನ ಹವಾಮಾನ ಕೇಂದ್ರದಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ನಾಳೆ ಸಂಜೆಯೊಳಗೆ ಹಾಜರಾಗದಿದ್ದರೆ ಅದು ಬೇರೆಯವರ ಪಾಲು. ಹೇಳಲು ಬಾಯಿ ತೆರೆದಾಗಲೆಲ್ಲ ಮಾವ ಏನಾದರೊಂದು ಶಬ್ದ ಕೈಗಿತ್ತು ಕಳಿಸುತ್ತಿದ್ದರು. ಬೆಳಗ್ಗೆಯೂ ಅದೇ ಆಯಿತು.

"ಮಾವ, ಒಂದು ವಿಷಯ..."

"ಆಮೇಲೆ ಹೇಳು ಪುಟ್ಟಿ. ಮೊದಲು ಎಲಿವೇಟ್ ಮುಗಿಸು. ಮುಂದಿನ ಸಂಪುಟ ಪೂರ್ತಿ ನಿನ್ನ ಕೈಗೇ ಕೊಡೋಣ ಅಂತಿದೀನಿ."

ಉಡುಗೊರೆ ಕೊಡುವವರ ಖುಷಿ ಅವರ ಮುಖದಲ್ಲಿತ್ತು. ಅವಳಿಗೆ ಇನ್ನೊಂದು ಬೀಗ ಬಿದ್ದ ಸದ್ದು ಕೇಳಿಸಿತು.

ಓದು ಶುರುವಾಯಿತು. ಕೋಣೆಯಲ್ಲಿದ್ದ ಮೂರನೆಯವರು ಕರಡು ತಿದ್ದುವ ಮುದುಕರು. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದುದರಿಂದ ಅವರಿಗೆ ಅಲ್ಪವಿರಾಮ ಎಂದು ಹೆಸರು ಬಿದ್ದಿತ್ತು.

"ನರ್ಸು ಊದಿದ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟಳು," ಎಂದು ಪುಟ್ಟಿ ಓದಿದಳು. "ಏರಿಸಿಟ್ಟಳು, ಆಗುತ್ತೆ. ಹೆಚ್ಚಿಸಿಟ್ಟಳು..."

ಅಲ್ಪವಿರಾಮರು ತಟ್ಟಿದರು. "ಕಾಲು ಹೆಚ್ಚಿಸಿದ್ರೆ, ತಾಯೀ, ಮೂರಾಗುತ್ತೆ."

'ಹೆಚ್ಚಿಸು' ನಾಡಿ ಬಡಿತದ ಇನ್ನೊಂದು ವಾಕ್ಯಕ್ಕೆ ಹೋಗಿ ಸರಿಯಾಗಿ ಕೂತಿತು. ಗುಮಾಸ್ತನನ್ನು ಮೇಲಿನ ಹುದ್ದೆಗೆ ಏರಿಸಿದ್ದಾಯಿತು, ಸಂಗೀತದಿಂದ ಮನಸ್ಸು ಉಲ್ಲಾಸಗೊಂಡದ್ದಾಯಿತು. ಕೊನೆಯ ಅರ್ಥ ಉಳಿಯಿತು: ಒಬ್ಬರ ಬಾಳನ್ನು ಮೇಲೆ ತರುವುದು. ಆ ಚೀಟಿಯಲ್ಲಿ ವಾಕ್ಯದ ಜಾಗ ಖಾಲಿಯಿತ್ತು.

"ಎಲ್ಲಿ?" ಎಂದರು ಮಾವ.

"ಹೊಳೀಲಿಲ್ಲ ಸರ್."

"ಮನೇಲೇ ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ!" ಅವರು ನಕ್ಕು ಚೀಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ತಾವೇ ಬರೆದು, ತಾವೇ ಓದಿದರು. "ಅವರು ಅಕ್ಕನ ತಬ್ಬಲಿ ಮಗಳನ್ನು ಮೇಲೆತ್ತಿ, ಕೊನೆಯವರೆಗೂ ಕೈಬಿಡಲಿಲ್ಲ. ಉದ್ಧರಿಸಿ ಕೈಬಿಡಲಿಲ್ಲ, ಸರಿ. ಮೇಲೆ ತಂದು ಕೈಬಿಡಲಿಲ್ಲ, ಸರಿ."

ಎಲ್ಲವೂ ಕೂತವು, ಅಂಚಿಗೆ ಅಂಚು ಸೇರಿದ ಪೆಟ್ಟಿಗೆಯ ಹಾಗೆ. ಒಳಗೆ ಅವಳಿದ್ದಳು. ಅದು ಅಚ್ಚಾಗುತ್ತದೆ, ಶಾಲೆಯ ಮಕ್ಕಳು ಓದುತ್ತಾರೆ, ಕೊನೆಯವರೆಗೂ ಅಂದರೆ ಕೊನೆಯವರೆಗೂ. ಅಲ್ಪವಿರಾಮರು ತಲೆದೂಗಿದರು. ಮಾವನ ಕೈ ಜೇಬಿಗೆ ಹೋಯಿತು.

ಟಕ್ ಎಂದಿತು ಮೇಜು.

"ಯಾರು?" ಎಂದರು ಮಾವ, ಕಣ್ಣಾರೆ ನೋಡಿದ್ದರೂ.

"ನಾನು."

"ಕೈ ತಪ್ಪಿತಾ?"

"ಇಲ್ಲ." ತನ್ನದೇ ದನಿ ಅವಳಿಗೆ ಗುರುತು ಸಿಗಲಿಲ್ಲ. "ಮೇಲೆತ್ತಿದ್ದು ಸರಿ. ಆಮೇಲಿಂದು ಈ ಶಬ್ದಕ್ಕೆ ಸೇರಿದ್ದಲ್ಲ. ಭಾರ ಎತ್ತುವಾಗ ಕೆಲಸ ನಡೆಯುತ್ತೆ ಮಾವ. ಎತ್ತಿ ಹಿಡ್ಕೊಂಡೇ ನಿಂತರೆ, ಎಷ್ಟು ಹೊತ್ತು ನಿಂತರೂ, ಭೌತಶಾಸ್ತ್ರದ ಲೆಕ್ಕಕ್ಕೆ ಬರೋ ಕೆಲಸ ಏನೂ ಆಗಲ್ಲ. ಹಿಡ್ಕೊಂಡವರ ಕೈ ನೋಯುತ್ತೆ, ಅಷ್ಟೆ. ಎಲ್ಲಾದರೂ ಇಡಬೇಕು ಅದನ್ನ."

"ಭಾರ ಅಂದ್ರೆ, ತಾಯೀ, ಯಾರು?" ಎಂದರು ಅಲ್ಪವಿರಾಮರು.

ಅವಳು ಮಾವನ ಕಡೆಗೆ ತಿರುಗಿದಳು. ಹವಾಮಾನ ಕೇಂದ್ರದ ಸುದ್ದಿಯನ್ನು ಹೇಳಿದಳು, ನಾಳೆ ಎಂಬುದನ್ನೂ ಸೇರಿಸಿ, ಒಂದೇ ಉಸಿರಿನಲ್ಲಿ.

ಮಾವ ಕನ್ನಡಕ ಒರೆಸಿದರು. ಬೈದಿದ್ದರೆ ಚೆನ್ನಾಗಿತ್ತು, ಅವರು ಬೈಯಲಿಲ್ಲ.

"ಹೋಗು. ಬೇಡ ಅಂದವರು ಯಾರು? ಈ 'ಇ' ಅಕ್ಷರ ಒಂದು ಮುಗಿಸಿಕೊಟ್ಟು ಹೋಗು."

ಆ ಅಕ್ಷರ ಮುಗಿಯುವ ಹೊತ್ತಿಗೆ ಅವಳ ತಲೆ ಪೂರ್ತಿ ಬೆಳ್ಳಗಾಗುತ್ತಿತ್ತು. ಮಾತೇನೋ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಮೃದು. ಹೂಂ ಎಂದರೆ ಸಾಕಿತ್ತು. ನಾಲಗೆ ಅಭ್ಯಾಸಬಲದಿಂದ ಅದಕ್ಕೆ ಸಿದ್ಧವಾಗಿಯೂ ಇತ್ತು.

"ಆಗಲ್ಲ ಮಾವ. ನಾಳೆ ಅಂದ್ರೆ ನಾಳೆ."

"ಹಾಗಾದ್ರೆ ತಟ್ಟಿದ್ದನ್ನ ವಾಪಸ್ ತಗೋ. ಬಾಗಿಲು ತೆಗೀಬೇಕಲ್ಲ."

"ವಾಕ್ಯ ನಿಮ್ಮದು," ಎಂದಳು ಅವಳು. "ನೀವೇ ತಿದ್ದಬೇಕು."

ಪದ್ಧತಿ ಮಾಡಿದವರು ಅವರೇ. ಅದನ್ನು ಮುರಿದವರನ್ನು ಅವರು ಕ್ಷಮಿಸಿದ್ದಿಲ್ಲ. ತಮ್ಮನ್ನು ಹೇಗೆ ಕ್ಷಮಿಸಿಕೊಂಡಾರು? ರಬ್ಬರು ತೆಗೆದುಕೊಂಡು ಉಜ್ಜಿದರು. ಬರೆದರು, ಓದಿದರು. "ಮೇಲೆತ್ತಿ, ಸದಾ ನೆರಳಾಗಿ ನಿಂತರು." ಟಕ್. "ಮೇಲೆತ್ತಿ, ತಮ್ಮಂತೆಯೇ ಮಾಡಿದರು." ಟಕ್. ಕಿಟಕಿಯ ಕಂಬಿಗಳ ನೆರಳು ಮೇಜು ದಾಟಿ ಗೋಡೆ ಹತ್ತಿತು. ಕೆಳಗಿನ ಬೀದಿಯಲ್ಲಿ ಅಂಗಡಿಗಳ ದೀಪ ಹತ್ತಿಕೊಂಡವು. ಅವಳು ಪೆನ್ಸಿಲ್ ಕೆಳಗಿಡಲಿಲ್ಲ.

ಮುಂದಿನ ವಾಕ್ಯವನ್ನು ಬರೆದು, ಓದದೆ, ಮಾವ ತಾವೇ ಮೇಜು ತಟ್ಟಿದರು.

"ಮೇಲೆತ್ತಿದರು, ಅಲ್ಲಿಗೇ, ನಿಲ್ಲಿಸಿದ್ರೆ, ಸರ್?" ಎಂದರು ಅಲ್ಪವಿರಾಮರು ಮೆಲ್ಲಗೆ.

"ನಿಮ್ಮನ್ನ ಯಾರು ಕೇಳಿದ್ದು?"

ಮಾವ ಚೀಟಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಮೇಲೆತ್ತಿದರು ಎಂದು ತಿದ್ದಿ, ಮುಂದಿನ ಮಾತುಗಳ ಮೇಲೆ ಗೆರೆ ಎಳೆದರು, ಕಾಗದ ಹರಿಯುವ ಹಾಗೆ. ಉಳಿದಷ್ಟನ್ನು ಓದಲಿಲ್ಲ, ಚೀಟಿಯನ್ನು ಅವಳ ಕಡೆಗೆ ತಳ್ಳಿದರು. ಅವಳು ಓದಿದಳು. ಮೇಜು ಸುಮ್ಮನಿತ್ತು.

ಮಾವ ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. ದಿನವೂ ಎದ್ದು ತಾವೇ ಬಾಗಿಲು ತೆರೆಯುತ್ತಿದ್ದವರು ಈ ದಿನ ಏಳಲಿಲ್ಲ. ಅವಳೇ ಹೋಗಿ ತೆರೆದಳು. ತೆರೆದ ಮೇಲೆ ಹೊಸ್ತಿಲಲ್ಲಿ ಹಾಗೇ ನಿಂತಳು. ಒಬ್ಬಳೇ ಮನೆಗೆ ಹೊರಡುವುದು ಹೇಗೆಂದು ಕಾಲಿಗೆ ತಿಳಿಯಲಿಲ್ಲ.

"ಬಸ್ಸಾ, ರೈಲಾ?" ಬೆನ್ನ ಹಿಂದಿನಿಂದ ಮಾವ ಕೇಳಿದರು.

"ರೈಲು. ಬೆಳಗ್ಗೆದು."

"ಟಿಕೆಟ್ ಆಯ್ತಾ?"

"ಇಲ್ಲ ಮಾವ."

"ಮತ್ತೆ ಇಲ್ಲಿ ಯಾಕೆ ನಿಂತಿದೀಯ?" ಎಂದರು ಅವರು, ಚೀಟಿಯಿಂದ ಮುಖವೆತ್ತದೆ.