ಒಡೆಯದೆ ನೋಡು

ಪರದೆಯ ಮೇಲೆ ಎರಡು ಆಯ್ಕೆಗಳ ಪಟ್ಟಿಯಿತ್ತು, ಕಾಂತೇಶನ ಬೆರಳು ಎಂಟರ್ ಕೀಲಿಯ ಮೇಲಿತ್ತು. ಸೌಮ್ಯ ಓಡಿಬಂದು ಆ ಕೈಯನ್ನು ಸರಿಸಿದಳು.

"ಓದಿದ್ಯೇನೋ?"

"ಓದೋದೇನಕ್ಕ, ಎಂಟರ್ ಒತ್ತಿದ್ರೆ ಮೊದಲನೇದೇ ಶುರುವಾಗುತ್ತೆ, ಮುಗೀತು."

ತಿಪಟೂರು ಬಸ್ ನಿಲ್ದಾಣದ ಹಿಂದಿನ ಆ ಕಂಪ್ಯೂಟರ್ ಅಂಗಡಿ ಇಬ್ಬರದೂ. ವಿಂಡೋಸ್ ಬದಲು ಕನ್ನಡದ ಲಿನಕ್ಸ್ ಹಾಕಿಕೊಡುವ ಸಿ.ಡಿ.ಯನ್ನು ತಯಾರಿಸಿದವಳು ಸೌಮ್ಯ, ರಿಪೇರಿ ಕಾಂತೇಶನದು. ಮೊದಮೊದಲು ಆ ಸಿ.ಡಿ.ಗೆ ಒಂದೇ ಕೆಲಸ ಗೊತ್ತಿತ್ತು: ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಹಾಕುವುದು. ಹೋದ ತಿಂಗಳು ಅವಳು ಕೂತು ಇನ್ನೊಂದು ದಾರಿ ಸೇರಿಸಿದ್ದಳು. ಅದನ್ನು ಒತ್ತಿದರೆ ಕಂಪ್ಯೂಟರು ಸಿ.ಡಿ.ಯಿಂದಲೇ ಏಳುತ್ತದೆ, ಒಳಗಿನ ಡಿಸ್ಕನ್ನು ಅಳಿಸದೆ, ಅದರಲ್ಲಿರುವುದನ್ನು ತೋರಿಸುತ್ತದೆ. ಅದಕ್ಕೆ 'ರಕ್ಷಣೆ' ಎಂದು ಹೆಸರಿಟ್ಟಿದ್ದಳು.

"ಎರಡನೇದು ಯಾಕೆ ಒತ್ತಲ್ಲ?"

"ರಕ್ಷಣೆ ಅಂದ್ರೆ ವೈರಸ್‌ಗಲ್ವಾ? ಇದಕ್ಕೆಲ್ಲಿ ವೈರಸ್ಸು!"

ತಿಂಗಳಿಡೀ ಅವನು ಅದನ್ನು ಮುಟ್ಟೇ ಇರಲಿಲ್ಲವೆಂದು ಅವಳಿಗೆ ಈಗ ತಿಳಿಯಿತು. ಬಂದವರ ಫೋಟೋ, ಕಾಗದ, ಎಲ್ಲವನ್ನೂ ಅಳಿಸಿ, "ಡಿಸ್ಕು ಸತ್ತೋಗಿತ್ತು ಕಣ್ರೀ" ಎಂದು ಮುಖ ಬಾಡಿಸಿಕೊಂಡು ಹೇಳಿ ಕಳಿಸಿದ್ದ. ಆ ಬಾಡಿದ ಮುಖ ನೆನೆದು ಸೌಮ್ಯಳಿಗೆ ಅಸಹ್ಯವಾಯಿತು.

ಎದುರು ಸ್ಟೂಲಿನ ಮೇಲೆ ರಂಗಕ್ಕ ಕೂತಿದ್ದರು. ಕರೆಂಟು ಹೋಗಿ ಬಂದ ಮೇಲೆ ಏಳದ ಕಂಪ್ಯೂಟರನ್ನು ಹಳೇ ಸೀರೆಯಲ್ಲಿ ಸುತ್ತಿ, ನೊಣವಿನಕೆರೆಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಪಕ್ಕದ ಮನೆಯ ಚಿಕ್ಕಗಂಗಮ್ಮ ಹಾಡಿದ ಸೋಬಾನೆಗಳು ಅದರಲ್ಲಿದ್ದವು. ಚಿಕ್ಕಗಂಗಮ್ಮ ಈಗಿಲ್ಲ. ಆ ಹಾಡುಗಳು ಬೇರೆಲ್ಲೂ ಇಲ್ಲ.

"ಒಡೀದೆ ನೋಡಕ್ಕಾಗಲ್ವೇನವ್ವ?" ರಂಗಕ್ಕ ಮೆಲ್ಲಗೆ ಕೇಳಿದರು. "ಅಟ್ಟದ್ ಕಾಯಿ ಕೊಬ್ರಿ ಆಗೈತಾ ಅಂತ ಕಿವಿ ಹತ್ರ ಅಲ್ಲಾಡಿಸಿ ನೋಡ್ತೀವಲ್ಲ, ಹಂಗೆ."

"ಹಂಗೇ ಕಣಮ್ಮ, ನೋಡೋಣ."

ಸೌಮ್ಯ ಎರಡನೆಯದನ್ನು ಒತ್ತಿದಳು. ಪರದೆ ಕಪ್ಪಾಯಿತು. ಸಿ.ಡಿ. ಗಿರಗಿರನೆ ತಿರುಗಿತು. ರಂಗಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದರು. ಕಾಂತೇಶ ಟೇಬಲ್ ಫ್ಯಾನನ್ನು ಅವರತ್ತ ತಿರುಗಿಸಿದ. ಸೌಮ್ಯ ಅದನ್ನು ಕಂಡಳು. ಇಷ್ಟು ಮಾಡಬಲ್ಲವನು ಎರಡು ಸಾಲು ಓದಲಾರನೇ ಎಂದು ಅವಳ ಅಸಹ್ಯ ಇನ್ನೂ ಹೆಚ್ಚಿತು.

ಕಡತಗಳು ಒಂದೊಂದಾಗಿ ಕಾಣಿಸಿಕೊಂಡವು. ಅವಳು ಒಂದನ್ನು ತೆರೆದಳು. ಸ್ಪೀಕರಿನಿಂದ ಮೊದಲು ಒಂದು ಕೆಮ್ಮು, ಆಮೇಲೆ ಒಡಕು ದನಿಯ ಹಾಡು.

"ಅವಳೇ!" ರಂಗಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. "ಕೆಮ್ಮದೆ ಒಂದ್ ಹಾಡೂ ಶುರು ಮಾಡ್ದೋಳಲ್ಲ."

"ನಮ್ಮಂಗಡಿಗೆ ಬಂದ್ ಮೇಲೆ ಏನೂ ಹಾಳಾಗಲ್ಲ ಬುಡಮ್ಮ," ಎಂದ ಕಾಂತೇಶ, ಎದೆಯುಬ್ಬಿಸಿ.

ಸೌಮ್ಯ ಅವನ ಮುಖ ನೋಡಲಿಲ್ಲ. ನೋಡಿದ್ದರೆ ಬೈಯಬೇಕಾಗುತ್ತಿತ್ತು, ರಂಗಕ್ಕನ ಮುಂದೆ ಅದು ಬೇಡವೆನ್ನಿಸಿತು. ಹಾಡುಗಳನ್ನೆಲ್ಲ ಬೇರೆ ಸಿ.ಡಿ.ಗೆ ಇಳಿಸಿ ಅವರ ಕೈಗಿತ್ತಳು.

ಅವರು ಬಸ್ಸಿಗೆ ಹೋದ ಮೇಲೆ ಸೌಮ್ಯ ಪಟ್ಟಿಯಲ್ಲಿದ್ದ 'ರಕ್ಷಣೆ' ಅಳಿಸಿ 'ಒಡೆಯದೆ ನೋಡು' ಎಂದು ಬರೆದಳು. ಆದರೂ ಸಮಾಧಾನವಾಗಲಿಲ್ಲ. ಹೆಸರು ಎಷ್ಟು ಚೆನ್ನಾಗಿದ್ದರೇನು, ಓದುವವರು ಯಾರು? ಆ ಸಾಲನ್ನು ಎತ್ತಿ ಮೊದಲನೆಯ ಜಾಗಕ್ಕೆ ತಂದು, ಹೊಸ ಸಿ.ಡಿ. ಮಾಡಿಟ್ಟಳು.

ಮಾರನೆಯ ದಿನ ಇನ್ನೊಂದು ಕಂಪ್ಯೂಟರು ಬಂತು. ಕಾಂತೇಶ ಹೊಸ ಸಿ.ಡಿ. ಹಾಕಿ, ಪರದೆಯತ್ತ ತಿರುಗಿಯೂ ನೋಡದೆ, ಟೀ ಹೀರುತ್ತಾ ಎಂಟರ್ ಒತ್ತಿದ.