ಗಿರಗಿಟ್ಲೆ

ಅವನು ಲೋಟವನ್ನು ಓರೆಯಾಗಿ ಹಿಡಿದಿದ್ದ. ಹೆಂಡತಿಯ ಕಣ್ಣಿಗೆ ಮೊದಲು ಬಿದ್ದದ್ದು ಅದೇ.

ಎಡಗೈಯಲ್ಲಿ ಹಾಲಿನ ಲೋಟವನ್ನು ಒಂದಿಷ್ಟು ವಾಲಿಸಿಕೊಂಡು, ನೊರೆ ಎಬ್ಬಿಸುವ ಗಿರಗಿಟ್ಲೆಯ ಮೂತಿಯನ್ನು ತಳಕ್ಕೆ ಇಳಿಸಿದ ಮೇಲೆಯೇ ಗುಂಡಿ ಒತ್ತಿದ. ಅದು ಗುಂಯ್ ಎಂದು ತಿರುಗತೊಡಗಿದಾಗ ಅವಸರ ಮಾಡದೆ ಮೆಲ್ಲಗೆ ಮೇಲಕ್ಕೆ ತಂದ. ಹಾಲು ಉಬ್ಬಿಕೊಂಡು ಅಂಚಿಗೆ ಬಂದು ನಿಂತಿತು. ಹೊರಗೆ ಒಂದು ಹನಿಯೂ ಸಿಡಿಯಲಿಲ್ಲ. ಆಮೇಲೆ ಅದನ್ನು ತಣ್ಣೀರಿನ ಬಟ್ಟಲಲ್ಲಿ ಅದ್ದಿ ಒಮ್ಮೆ ತಿರುಗಿಸಿ, ಅಂಚಿಗೆ ಮೆಲ್ಲಗೆ ಬಡಿದು, ತಲೆಕೆಳಗು ಮಾಡಿ ಒಣಗಲು ನಿಲ್ಲಿಸಿದ.

"ಯಾರು ಕಲಿಸಿದ್ರು?" ಎಂದಳು.

"ಏನು?"

"ಹೀಗೆ ಹಿಡಿಯೋದು."

"ಯಾರು ಕಲಿಸ್ತಾರೆ? ಮಾಡ್ತಾ ಮಾಡ್ತಾ ಬಂತು," ಎಂದು ಅವನು ಲೋಟದೊಳಗೆ ನೋಡಿದ.

ಆ ಯಂತ್ರವನ್ನು ಕೊಂಡು ತಂದವಳು ಅವಳೇ. ಅವನು ಹಾಲಿನ ಟ್ಯಾಂಕರ್ ಓಡಿಸುವವನು; ಹಳ್ಳಿಯ ಡೈರಿಯಿಂದ ಪೇಟೆಯ ಫ್ಯಾಕ್ಟರಿಗೆ ಹಾಲು ಮುಟ್ಟಿಸಿ ಬರುವುದು ದಿನದ ಕೆಲಸ. ದಾರಿಯಲ್ಲಿ ಸಿಗುವ ಕಾಫಿ ಪಾತ್ರೆ ತೊಳೆದ ನೀರಿನ ಹಾಗಿರುತ್ತದೆ ಎಂದು ಗೊಣಗುತ್ತಿದ್ದ. ನೊರೆಯಿಲ್ಲದಿದ್ದರೆ ಅವನಿಗೆ ಕಾಫಿ ಗಂಟಲಿಗಿಳಿಯುವುದಿಲ್ಲ. ಬ್ಯಾಟರಿ ಹಾಕಿದರೆ ತಿರುಗುವ, ಪೆನ್ನಿಗಿಂತ ತುಸು ದಪ್ಪದ ಈ ಕಡ್ಡಿಯನ್ನು ಅಂಗಡಿಯವನು ಮಿಲ್ಕ್ ಫ್ರಾದರ್ ಎಂದು ಹೇಳಿ ಕೊಟ್ಟಿದ್ದ. ಮೊದಲ ದಿನ ಅವನು ಗುಂಡಿ ಒತ್ತಿಕೊಂಡೇ ಹಾಲಿಗೆ ಇಳಿಸಿ, ಗೋಡೆ, ಕ್ಯಾಲೆಂಡರು, ತನ್ನ ಮೀಸೆ ಎಲ್ಲಕ್ಕೂ ಹಾಲು ಸಿಡಿಸಿದಾಗ, ಮನೆಗೆ ಬಂದಿದ್ದ ಅವನ ತಂಗಿ, "ಅಣ್ಣನ ಕೈಗೆ ಗಿರಗಿಟ್ಲೆ ಕೊಟ್ಟಿದ್ದೀಯಲ್ಲ ಅತ್ತಿಗೆ, ಇನ್ನು ನಿನ್ನ ಅಡುಗೆಮನೆಗೆ ದಿನಾ ಸುಣ್ಣ," ಎಂದು ನಕ್ಕಿದ್ದಳು. ಅಂದಿನಿಂದ ಅದಕ್ಕೆ ಗಿರಗಿಟ್ಲೆ ಎಂದೇ ಹೆಸರಾಯಿತು. ಹೆಂಡತಿ ತುಂಬಿಕೊಡುವ ಕಾಫಿ ಫ್ಲಾಸ್ಕಿನ ಜೊತೆ ಅದೂ ದಿನಾ ಟ್ಯಾಂಕರಿನಲ್ಲಿ ಹೋಗುತ್ತಿತ್ತು. ವಾರಗಟ್ಟಲೆ ಅವಳೇ ಅವನ ಕೈ ಹಿಡಿದು ತೋರಿಸಿದ್ದಳು. ಅವನಿಗೆ ಬಂದಿರಲಿಲ್ಲ.

ಅವಳಿಗೆ ಸ್ವತಃ ನೊರೆ ಆಗದು. ಹಳ್ಳಿಯ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ಅವಳದು. ಸೀಸೆಯಲ್ಲಿ ಕುಲುಕಿದ ಹಾಲಿನ ನೊರೆ ಬೇಗ ಇಳಿಯದಿದ್ದರೆ ಅದರಲ್ಲಿ ಸೋಪಿನ ಪುಡಿ ಬೆರೆತಿರಬಹುದೆಂದು ಅನುಮಾನಿಸಬೇಕು. ಅನುಮಾನಿಸಿ ಅನುಮಾನಿಸಿ, ಲೋಟದ ಮೇಲಿನ ನೊರೆ ಕಂಡರೆ ಬಾಯಿಗೆ ಸೋಪಿನ ರುಚಿ ಬಂದಂತಾಗುತ್ತಿತ್ತು. ಅವಳ ಕಾಫಿ ಸಪಾಟಾಗಿಯೇ ಇರಬೇಕು.

ಮರುದಿನ ಅವನ ಚೀಲಕ್ಕೆ ಊಟದ ಡಬ್ಬಿ ಇಡುವಾಗ ಗಿರಗಿಟ್ಲೆ ಹಸಿರು ಬಟ್ಟೆಯ ಸಣ್ಣ ಚೀಲವೊಂದರಲ್ಲಿ ಮಲಗಿದ್ದು ಕಂಡಿತು. ದಪ್ಪ ರೇನ್‌ಕೋಟ್ ಬಟ್ಟೆ, ಒತ್ತೊತ್ತಾದ ಕೈಹೊಲಿಗೆ, ಗುಂಡಿಯ ಜಾಗದಲ್ಲಿ ಒತ್ತದ ಹಾಗೆ ಒಳಗೆ ರಟ್ಟಿನ ತುಂಡು.

"ಈ ಚೀಲ ಎಲ್ಲಿಂದ ಬಂತು?"

"ಎಲ್ಲೋ ಸಿಕ್ತು."

"ಅಳತೆ ತೆಗೆದು ಹೊಲಿದಿರೋ ಚೀಲ ಎಲ್ಲೋ ಸಿಕ್ತಾ?"

"ಅಯ್ಯೋ, ಬಿಡೇ ಮಾರಾಯ್ತಿ. ಹಾಲಿಗೆ ಹಾಕೋ ಪ್ರಶ್ನೆನೆಲ್ಲ ನನಗೆ ಹಾಕ್ಬೇಡ."

ಅವಳು ಬಿಟ್ಟಳು. ಆದರೆ ಡೈರಿಯಲ್ಲಿ ಅಂದು ಎರಡು ಸಲ ಕ್ಯಾನು ಅದಲು ಬದಲಾಯಿತು. ಲೋಟ ಹೀಗೆ ವಾಲಿಸು ಎಂದು ಬಾಯಲ್ಲಿ ಹೇಳಿದರೆ ಅವನಿಗೆ ಬರುವುದಿಲ್ಲ, ತನಗೆ ಗೊತ್ತು. ಯಾರೋ ಲೋಟಕ್ಕೆ ಕೈ ಕೊಟ್ಟು, ಅವನ ಬೆರಳಿನ ಮೇಲೆ ಬೆರಳಿಟ್ಟು ತೋರಿಸಿರಬೇಕು. ಒಂದು ದಿನದಲ್ಲಿ ಆಗುವ ಕೆಲಸವೂ ಅಲ್ಲ. ಸಂಜೆ ಅವನು ಬಂದಾಗ, "ಕಣ್ಣು ತೋರಿಸ್ಕೋಬೇಕು, ನಾಳೆ ನಿಮ್ಮ ಜೊತೆ ಪೇಟೆಗೆ ಬರ್ತೀನಿ," ಎಂದಳು.

"ಬಾ. ಸೊಂಟ ಹಿಡ್ಕೊಂಡ್ರೆ ಮಾತ್ರ ನನ್ನ ಬೈಬಾರ್ದು," ಎಂದ. ಅಷ್ಟು ಸಲೀಸಾಗಿ ಒಪ್ಪಿದ್ದು ಅವಳಿಗೆ ಹಿಡಿಸಲಿಲ್ಲ. ಒಂದು ಗಳಿಗೆ ತಡವರಿಸಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ದಾರಿಯಲ್ಲಿ ಅವನು ಎಲ್ಲೂ ಕಾಫಿಗೆಂದು ನಿಲ್ಲಿಸಲಿಲ್ಲ. "ಫ್ಲಾಸ್ಕ್ ತೆಗೀಲಾ?" ಎಂದು ಅವಳು ಕೇಳಿದರೆ, "ತಡಿ, ಫ್ಯಾಕ್ಟರಿಲಿ ಕುಡಿಯೋಣ," ಎಂದ. ಕಾಲ ಬುಡದ ಪೆಟ್ಟಿಗೆ ತೆರೆದು ನೋಡಿದಳು. ಅವಳು ಕಳಿಸುತ್ತಿದ್ದ ಸ್ಟೀಲ್ ಲೋಟದೊಳಗೆ ಇನ್ನೊಂದು ಲೋಟ ಕೂತಿತ್ತು. ಅದರ ಅಂಚಿಗೆ ನೀಲಿ ಗೆರೆ. ಎರಡನ್ನೂ ಹಾಗೆಯೇ ಇಟ್ಟು ಮುಚ್ಚಳ ಹಾಕಿದಳು.

ಫ್ಯಾಕ್ಟರಿಯ ಬಾಗಿಲಲ್ಲೇ ವೇಬ್ರಿಜ್. ತುಂಬಿದ ಟ್ಯಾಂಕರನ್ನು ಕಬ್ಬಿಣದ ಹಾಸಿನ ಮೇಲೆ ನಿಲ್ಲಿಸಿ ಒಮ್ಮೆ ತೂಗುತ್ತಾರೆ, ಹಾಲಿಳಿಸಿದ ಮೇಲೆ ಮತ್ತೊಮ್ಮೆ. ನಡುವಿನ ವ್ಯತ್ಯಾಸವೇ ಹಾಲು. ಗಾಡಿ ನಿಲ್ಲಿಸಿ ಅವನು, "ಇಳಿ, ಮೇಲೆ ಯಾರೂ ಇರಬಾರ್ದು," ಎಂದ.

"ಕಾಲು ಮರಗಟ್ಟಿದೆ. ನೀವು ನಡೀರಿ, ಬಂದೆ."

ಅವಳು ಇಳಿಯಲಿಲ್ಲ. ಅವನು ಹೋದೊಡನೆ ಸೀಟಿನಲ್ಲಿ ಕೆಳಕ್ಕೆ ಜಾರಿ ಕಿಟಕಿಯ ಅಂಚಿನಿಂದ ನೋಡಿದಳು. ಗಾಜಿನ ಕೋಣೆಯೊಳಗೆ ತೂಕ ಬರೆಯುವವಳು ಕೂತಿದ್ದಳು. ಹೆಚ್ಚು ಕಡಿಮೆ ತನ್ನದೇ ವಯಸ್ಸು. ಗಂಟು ಹಾಕಿದ ಕೂದಲಿಗೆ ಪೆನ್ನು ಸಿಕ್ಕಿಸಿಕೊಂಡಿದ್ದಳು. ತಿರುಗಿ ನೋಡಬೇಕೆನಿಸುವ ರೂಪವೇನಲ್ಲ. ಹೆಂಡತಿಗೆ ಮನಸ್ಸು ಹಗುರಾಯಿತು, ಮರುಕ್ಷಣ ಮತ್ತಷ್ಟು ಭಾರವಾಯಿತು. ರೂಪವಲ್ಲದಿದ್ದರೆ ಇನ್ನೇನು?

ತೂಕ ಮುಗಿಸಿ, ಟ್ಯಾಂಕರನ್ನು ಒಳಗೆ ಒಯ್ದು ಹಾಲಿಳಿಸುವ ಪೈಪು ಸಿಕ್ಕಿಸಿ, ಅವನು ಫ್ಲಾಸ್ಕು ಲೋಟಗಳನ್ನು ಎತ್ತಿಕೊಂಡು ಗಾಜಿನ ಕೋಣೆಯತ್ತ ಹೊರಟ. ಅವಳು ಹಿಂದೆಯೇ ನಡೆದಳು.

"ನಮ್ಮನೆಯವಳು," ಎಂದ ಬಾಗಿಲಲ್ಲಿ.

"ಹೇಳ್ಬೇಕಾ? ಬನ್ನಿ ಅಕ್ಕ, ಕೂತ್ಕೊಳ್ಳಿ." ತೂಕದವಳು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು. "ಗಿರಗಿಟ್ಲೆ ಕೊಡಿಸಿದ್ದು ನೀವೇ ಅಲ್ವಾ? ಮೊದಲ ದಿನ ನನ್ನ ಕಂಪ್ಯೂಟರಿಗೆ ಹಾಲಿನ ಅಭಿಷೇಕ ಮಾಡಿಬಿಟ್ರು ಇವ್ರು."

ಗಿರಗಿಟ್ಲೆ ಎಂದಳು. ಮನೆಯ ಒಳಗಿನ ಮಾತು ಅದು. ಕಂಪ್ಯೂಟರಿನ ಮೇಲೆ ಹಸಿರು ರೇನ್‌ಕೋಟ್ ಬಟ್ಟೆಯ ಹೊದಿಕೆ ಇತ್ತು.

"ಚೀಲ ಚೆನ್ನಾಗಿ ಹೊಲಿದಿದ್ದೀರಿ," ಎಂದಳು ಹೆಂಡತಿ.

"ಬ್ಯಾಗಲ್ಲಿ ಗುಂಡಿ ತಾನಾಗೇ ಒತ್ಕೊಂಡು ಬ್ಯಾಟರಿ ಮುಗಿದುಹೋಗ್ತಿತ್ತಂತೆ. ಉಳಿದ ಬಟ್ಟೆ ಇತ್ತು, ಹೊಲಿದೆ."

ಬ್ಯಾಟರಿ ಮುಗಿಯುತ್ತದೆಂದು ಅವನು ಮನೆಯಲ್ಲೂ ಹೇಳಿದ್ದ. ಅವಳು ಪ್ರತಿ ಸಲ ಹೊಸ ಬ್ಯಾಟರಿ ತಂದುಕೊಟ್ಟಿದ್ದಳು. ಹೊಲಿಯಬಹುದೆಂದು ಹೊಳೆದಿರಲಿಲ್ಲ.

ಅವನು ಲೋಟಗಳಿಗೂ ಫ್ಲಾಸ್ಕಿನ ಮುಚ್ಚಳಕ್ಕೂ ಕಾಫಿ ಬಗ್ಗಿಸಿದ. ಎರಡು ಲೋಟಗಳಲ್ಲಿ ನೊರೆ ಎಬ್ಬಿಸಿ, ಮುಚ್ಚಳವನ್ನು ಹಾಗೆಯೇ ಹೆಂಡತಿಯ ಕಡೆ ಸರಿಸಿದ. ತೂಕದವಳು ನಕ್ಕಳು. "ನಿಮಗೆ ನೊರೆ ಆಗಲ್ವಂತೆ. ಸೋಪಿನ ಪುಡಿ ಅಂತೀರಂತೆ."

"ಇನ್ನೇನೇನು ಹೇಳಿದ್ದಾರೆ?"

"ಅಯ್ಯೋ, ಬಾಯಿ ಬಿಟ್ರೆ ನಿಮ್ಮ ಸುದ್ದೀನೇ."

"ಹೌದಾ? ನಿಮ್ಮ ಸುದ್ದಿ ಮಾತ್ರ ನಮ್ಮನೆ ತನಕ ಬಂದೇ ಇಲ್ಲ."

ತೂಕದವಳು ನಗು ನಿಲ್ಲಿಸಿ ಅವನನ್ನು ನೋಡಿದಳು. ಅವಳಿಗೂ ಅದು ಹೊಸ ಸಂಗತಿಯೆಂದು ಮುಖವೇ ಹೇಳುತ್ತಿತ್ತು. ಅವನು ಗಿರಗಿಟ್ಲೆಯನ್ನು ಒರೆಸಿದ್ದನ್ನೇ ಒರೆಸುತ್ತಿದ್ದ.

"ಹೇಳೋದಕ್ಕೆ ಏನಿದೆ?" ಎಂದ ಕೊನೆಗೆ. "ಕಾಫಿ ಕುಡಿಯೋದನ್ನೂ ಹೇಳ್ಬೇಕಾ?"

"ಏನೂ ಇಲ್ಲದಿದ್ರೆ ಹೇಳ್ಬಹುದಿತ್ತು," ಎಂದಳು ಹೆಂಡತಿ. ಮುಚ್ಚಳವನ್ನು ಅವನತ್ತ ಮರಳಿ ಸರಿಸಿದಳು. "ನನಗೂ ನೊರೆ ಮಾಡಿ."

"ನೀನು ಕುಡಿಯಲ್ವಲ್ಲ."

"ಕುಡೀತೀನೋ ಚೆಲ್ತೀನೋ, ಮಾಡಿ."

ಅಷ್ಟರಲ್ಲಿ ಹಾಲಿಳಿಸುವವನು ಹೊರಗಿನಿಂದ ಕೂಗಿದ, ಟ್ಯಾಂಕರ್ ಖಾಲಿಯಾಗಿತ್ತು. ಬಿಡುಗಡೆ ಸಿಕ್ಕವನಂತೆ ಅವನು ಎದ್ದು ಗಾಡಿ ತರಲು ಹೋದ. ಇಬ್ಬರೇ ಉಳಿದಾಗ ತೂಕದವಳು ಕಂಪ್ಯೂಟರಿನ ಕಡೆ ಮುಖ ಮಾಡಿಕೊಂಡೇ ಮೆಲ್ಲಗೆ ಹೇಳಿದಳು, "ಅಕ್ಕ, ಬರುವಾಗ ನೀವು ಗಾಡಿಲೇ ಇದ್ರಿ ಅಲ್ವಾ? ಸೀಟಲ್ಲಿ ಬಗ್ಗಿಕೊಂಡು."

ಅವಳ ಕಿವಿ ಬಿಸಿಯಾಯಿತು.

"ಆಗ ಹೇಳೋಕೆ ಮನಸ್ಸಾಗ್ಲಿಲ್ಲ. ತುಂಬಿದ ತೂಕದಲ್ಲಿ ನೀವೂ ಸೇರಿದ್ದೀರಿ. ಖಾಲಿ ತೂಕದಲ್ಲೂ ನೀವು ಮೇಲಿರಬೇಕು. ಇಲ್ಲದಿದ್ರೆ ನಿಮ್ಮ ಭಾರನೂ ಹಾಲು ಅಂತ ಹೋಗುತ್ತೆ."

ಕ್ಯಾನಿನ ತೂಕ ಕಳೆಯದೆ ಹಾಲು ಅಳೆದವರನ್ನು ಡೈರಿಯಲ್ಲಿ ತರಾಟೆಗೆ ತೆಗೆದುಕೊಳ್ಳುವವಳು ಅವಳೇ. ಆದರೂ ಕೇಳಿದಳು, "ಅವರೂ ಮೇಲೆ ಇರ್ಬಹುದಲ್ಲ?"

"ಡ್ರೈವರ್ ಇಳೀಲೇಬೇಕು ಅಕ್ಕ. ಬರುವಾಗ ಇಳಿದಿದ್ರಲ್ಲ."

ಟ್ಯಾಂಕರ್ ಹಾಸಿನ ಮೇಲೆ ಬಂದು ನಿಂತಿತು. ಅವನು ಇಳಿದ, ಅವಳು ಹತ್ತಿದಳು. "ಒಂದೇ ನಿಮಿಷ ಕಣೇ," ಎಂದು ಅವನು ಬಾಗಿಲು ಹಾಕಿ ಕೋಣೆಗೆ ಹೋದ.

ಈ ಸಲ ಅವಳು ಬಗ್ಗಲಿಲ್ಲ. ನೆಟ್ಟಗೆ ಕೂತು ನೋಡಿದಳು. ಅವನು ಮುಚ್ಚಳವನ್ನು ಎತ್ತಿ ಓರೆಯಾಗಿ ಹಿಡಿದು, ತಲೆ ಬಗ್ಗಿಸಿ, ಅವಳಿಗೆಂದು ನೊರೆ ಎಬ್ಬಿಸುತ್ತಿದ್ದ. ಚೆಲ್ಲಬಾರದೆಂಬ ಕಾಳಜಿಯಿಂದ ತುಟಿ ಕಚ್ಚಿಕೊಂಡಿದ್ದ. ಪಕ್ಕದಲ್ಲಿ ತೂಕದವಳು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, ತನ್ನ ನೀಲಿ ಗೆರೆಯ ಲೋಟದ ನೊರೆಯನ್ನು ಚಮಚದಲ್ಲಿ ತೆಗೆದು ಅವನ ಲೋಟಕ್ಕೆ ಹಾಕಿದಳು. ಲೋಟ ಎಲ್ಲಿದೆಯೆಂದು ಅವಳು ನೋಡಲಿಲ್ಲ. ಕೈ ತಾನಾಗಿ ಅಲ್ಲಿಗೆ ಹೋಯಿತು, ಬಂತು. ಅವನೂ ತಲೆಯೆತ್ತಲಿಲ್ಲ.

ಕೋಣೆಯ ಮೇಲಿನ ಹಲಗೆಯಲ್ಲಿ ಕೆಂಪು ಅಂಕಿಗಳು ಏರುತ್ತಿದ್ದವು, ಇಳಿಯುತ್ತಿದ್ದವು. ತೂಕದವಳು ಕಂಪ್ಯೂಟರಿನಲ್ಲಿ ಅದನ್ನೇ ನೋಡಿ, ಗಾಜಿನಾಚೆಯಿಂದ ಟ್ಯಾಂಕರಿನತ್ತ ಅಂಗೈ ಎತ್ತಿ ತೋರಿಸಿದಳು. ಅಲುಗಾಡಬೇಡಿ ಎಂದು.

ಹೆಂಡತಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಉಸಿರು ಹಿಡಿದು, ಅಂಕಿ ನಿಲ್ಲುವುದನ್ನೇ ಕಾಯುತ್ತ ಕೂತಳು.