ಉದ್ದ ಮಾಡಿದ ಶಿವದಾರ

"ಬೆನ್ನು ಕೊಡೇ, ಎಣ್ಣೆ ಆರಿ ಕಲ್ಲಾಗ್ತೈತೆ!"

ತೊಂಬತ್ತಮೂರರ ದೀಪಾವಳಿ ಪಾಡ್ಯದ ಬೆಳಿಗ್ಗೆ ಅಕ್ಕನಾಗಮ್ಮ ಬಚ್ಚಲಲ್ಲಿ ಬಟ್ಟಲು ಹಿಡಿದು ಕಾಯುತ್ತಿದ್ದಳು. ಹಬ್ಬಕ್ಕೆ ವಾರಗಿತ್ತಿಯರಿಬ್ಬರೂ ಒಬ್ಬರಿಗೊಬ್ಬರು ಎಣ್ಣೆ ಹಚ್ಚುವುದು ಮೂವತ್ತು ವರ್ಷದ ರೂಢಿ. ಹೊಸದರಲ್ಲಿ ಕಿರಿಯವಳು ರಾಜೇಶ್ವರಮ್ಮ ಕಚಗುಳಿಗೆ ಕಿರುಚಿದರೆ ಬಳ್ಳಿಗಾವಿ ಗುಡಿಯ ಪಾರಿವಾಳಗಳೆಲ್ಲ ತೊಗರ್ಸಿಗೆ ಗುಳೆ ಹೋಗುತ್ತಿದ್ದವಂತೆ. ಅಕ್ಕನಾಗಮ್ಮನ ಗಂಡ ಸತ್ತ ವರ್ಷವೂ ಅವಳನ್ನು ನಗಿಸಿದ್ದು ಇದೇ ಬಚ್ಚಲು.

ಇವತ್ತು ರಾಜೇಶ್ವರಮ್ಮ ಸೆರಗು ಬಿಡಲಿಲ್ಲ.

"ನಾನೇ ಹಚ್ಕೊಂತೀನಿ ಬಿಡಕ್ಕ."

"ಏನೇ, ಐವತ್ತಕ್ಕೆ ನಾಚ್ಕೆ ಮೊಳಕೆ ಒಡೀತಾ?"

ನಗುತ್ತ ಸೆರಗು ಎಳೆದ ಕೈ ಎಡ ಎದೆಯ ಮೇಲೆ ನಿಂತಿತು. ಒಳಗೆ ನಿಂಬೆಹಣ್ಣಿನಷ್ಟು ಗಡ್ಡೆ.

"ಹೋದ್ವರ್ಷ ತೋರ್ಸಿದ್ನಲ್ಲ, ಅದೇ. ನೋವಿಲ್ಲ ಏನಿಲ್ಲ."

ಆಗ ಅದು ಅವರೆಕಾಳಿನಷ್ಟಿತ್ತು. "ಕೊರಳಾಗಿನ ಲಿಂಗದ ಕರಡಿಗೆ ಒತ್ತಿ ಜಡ್ಡುಗಟ್ಟೈತೆ. ನಿನ್ ಗಂಡ ಮಾಡ್ಸಿದ ಬೆಳ್ಳಿ ಒಂದು ಮಣ ಐತಲ್ಲ!" ಎಂದು ನಕ್ಕು, ಶಿವದಾರಕ್ಕೆ ಗೇಣುದ್ದ ಸೇರಿಸಿ, ಕರಡಿಗೆ ಹೊಟ್ಟೆಯ ಮೇಲೆ ಇಳಿಯುವಂತೆ ಕಟ್ಟಿದವಳು ಅಕ್ಕನಾಗಮ್ಮನೇ.

"ಯಾರಿಗೂ ತೋರ್ಸಲಿಲ್ಲೇನೇ?"

"ಗಂಡಸು ಡಾಕ್ಟ್ರ ಮುಂದೆ ಕುಬುಸ ಬಿಚ್ಚಲಾ? ನೀನೇ ನೋಡಿದ್ಯಲ್ಲ, ಸಾಕು ಅಂದ್ಕೊಂಡೆ."

ಅಕ್ಕನಾಗಮ್ಮ ಎಣ್ಣೆಗೈಯಲ್ಲೇ ಅಂಗಳಕ್ಕೆ ಬಂದಳು. ಮೈದುನ, ರಾಜೇಶ್ವರಮ್ಮನ ಗಂಡ ಮಲ್ಲಿಕಾರ್ಜುನಪ್ಪ ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಿದ್ದ.

"ರಾಜಿ ಎದೆಯಾಗೆ ಗಡ್ಡೆ ಆಗೈತೆ. ನಾಳೆನೇ ಶಿವಮೊಗ್ಗದ ಆಸ್ಪತ್ರೆಗೆ ಹೋಗ್ಬೇಕು."

ಅವನು ತಿರುಗಲಿಲ್ಲ. "ಎಷ್ಟಿದ್ದಾತು ಅತ್ತಿಗಮ್ಮ, ಬೂದುಗುಂಬಳದಷ್ಟಾ? ಮೊನ್ನೆ ಹಿತ್ಲಾಗೆ ಕಂಬದಷ್ಟು ಹಾವು ಅಂದ್ರಿ, ಕೋಲು ಹಿಡ್ಕೊಂಡು ಓಡಿದ್ರೆ ಹಗ್ಗದ ತುಂಡು!"

ಅಕ್ಕನಾಗಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು.

"ನಿಂಬೆಹಣ್ಣಿನಷ್ಟು. ಹೋದ್ವರ್ಷ ಅವರೆಕಾಳಷ್ಟಿತ್ತು. ನಾನು ನಕ್ಕುಬಿಟ್ಟೆ, ಮಲ್ಲಪ್ಪ."

ಅವನು ಮುಂದಿನ ಮಾತಿಗೆ ಕಾದ. ಅವಳು ಈ ಸಲ ಉಪ್ಪುಖಾರ ಸೇರಿಸಲಿಲ್ಲ. ಅವನ ಕೈಯ ಬಣ್ಣದ ಬಟ್ಟೆ ಮೆಲ್ಲಗೆ ಕೆಳಗಿಳಿಯಿತು.

ಮರುದಿನದ ಮೊದಲ ಬಸ್ಸಿನಲ್ಲಿ ಮಲ್ಲಿಕಾರ್ಜುನಪ್ಪ ಮುಂದೆ ಕೂತ. ಹಿಂದಿನ ಸೀಟಿನಲ್ಲಿ ಇವರಿಬ್ಬರು.

"ಅಲ್ಲೂ ಗಂಡಸೇ ಇದ್ರೆ ಅಕ್ಕ?"

"ನಾನೂ ಒಳಗೆ ಬರ್ತೀನಿ. ಅವನ್ನ ನೋಡ್ಬೇಡ, ನನ್ ಮುಖ ನೋಡು."

"ನಿನ್ ಮುಖ ನೋಡಿದ್ರೆ ನಗು ಬರ್ತತೆ."

"ನಗು ಮತ್ತೆ."

ಕರಡಿಗೆ ರಾಜೇಶ್ವರಮ್ಮನ ಮಡಿಲಲ್ಲಿ ಬಿದ್ದಿತ್ತು. ದಾರವನ್ನು ಮೊದಲಿನ ಅಳತೆಗೆ ತರಲು ಅಕ್ಕನಾಗಮ್ಮ ಶಿಕಾರಿಪುರ ದಾಟುವವರೆಗೂ ಗಂಟಿಗೆ ಉಗುರು ಹಾಕುತ್ತಲೇ ಇದ್ದಳು. ವರ್ಷದ ಎಣ್ಣೆ, ಬೆವರು ಕುಡಿದು ಅದು ಬಿಗಿದುಕೊಂಡಿತ್ತು.